ಮುನಿಸಿನ ಕಥೆ ಓಡುವುದಿಲ್ಲ

ರಕ್ತಪಿಶಾಚಿಯ ಕಥೆ ಹೇಳಿ ಕೊಲ್ಹಾಪುರದವರನ್ನು ಹೆದರಿಸುವುದು ಸುಲಭವಲ್ಲ. ಭಾನುವಾರ ಬೆಳಗಾಯಿತೆಂದರೆ ಮಟನ್ ಅಂಗಡಿಯ ಮುಂದೆ ಪಾಳಿ ಹಚ್ಚುವ ಊರು ಅದು. ತಾಂಬಡಾ ರಸ್ಸಾ, ಪಾಂಢರಾ ರಸ್ಸಾದ ಕೀರ್ತಿ ದೇಶಕ್ಕೆಲ್ಲ ಹಬ್ಬಿದೆ. ಅವುಗಳ ಪಕ್ಕದಲ್ಲಿ ಸಣ್ಣ ವಾಟಿಯಲ್ಲಿ ಬರುವ ರಕ್ತಿ-ಮುಂಡಿಯ ಸುದ್ದಿ ಮಾತ್ರ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಆಡಿನ ರಕ್ತವನ್ನು ಉಳ್ಳಾಗಡ್ಡಿ, ಖಾರದೊಡನೆ ಬೇಯಿಸಿ, ತಲೆಮಾಂಸದ ಜತೆ ಬಡಿಸುವ ಪದಾರ್ಥ. ಅದನ್ನು ರೊಟ್ಟಿಗೆ ಹಚ್ಚಿಕೊಂಡು ಉಂಡು ಡರ್ರನೆ ತೇಗುವ ಜನರ ಮುಂದೆ, ಯುರೋಪಿನ ಹಾಳು ಅರಮನೆಯಲ್ಲಿ ಬಿಳಿಚಿದ ಮುಖದ ದೊರೆಯೊಬ್ಬ ಹುಡುಗಿಯ ಕುತ್ತಿಗೆಗೆ ಹಲ್ಲು ಹಚ್ಚಿದ ಎಂದು ಹೇಳಿ ನೋಡಿ. "ಮಸಾಲಿ ಇಲ್ಲದ ಹಸೀದs ಕುಡದ್ನ್ಯಾ?" ಎಂದು ಅವನ ಮೇಲೆ ಕನಿಕರಪಟ್ಟಾರು. ನಮ್ಮದು ಲಿಂಗಾಯತರ ಮನೆ. ರಕ್ತಿಯ ಬಗ್ಗೆ ನಾನು ಹೇಳಿದ್ದೆಲ್ಲ ಗೆಳೆಯರ ತಾಟು ನೋಡಿ ಗಳಿಸಿದ ಜ್ಞಾನ.

ಇಂಥ ಸೀಮೆಯಲ್ಲಿ ಕೂತು ನಾನು ಜಪಾನಿನ ರಕ್ತಪಿಶಾಚಿಗಳ ಧಾರಾವಾಹಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ‘ಬ್ಲಡ್ ಪ್ಲಸ್’ ಅದರ ಹೆಸರು. ಒಟ್ಟು 50 ಕಂತು. 2005ರ ಅಕ್ಟೋಬರಿನಿಂದ 2006ರ ಸೆಪ್ಟೆಂಬರ್ ತನಕ ಅಲ್ಲಿಯ ಟೀವಿಯಲ್ಲಿ ಶನಿವಾರ ಸಂಜೆ ಆರಕ್ಕೆ, ಮನೆಮಂದಿಯೆಲ್ಲ ಊಟಕ್ಕೆ ಅಣಿಯಾಗುವ ಹೊತ್ತಿನಲ್ಲಿ ಬಂದ ಅನಿಮೆ, ಅಂದರೆ ಜಪಾನಿ ಕಾರ್ಟೂನು. ಅದನ್ನು ನನ್ನ ತಲೆಗೆ ಕಟ್ಟಿದವನು ಇಚಲಕರಂಜಿಯ ಅಕ್ಕನ ಮಗ. ಕಟ್ಟಿ, ತಾನು ಮಾತ್ರ ನಡುವೆ ಎದ್ದು ಹೋದ.

ಅಕ್ಕನ ಮನೆಯ ಕೆಳಗೆ ಮಗ್ಗದ ಶೆಡ್ಡು, ಮೇಲೆ ಸಂಸಾರ. ವಿಠ್ಠಲರಾವ್ ದಾತಾರ ಎಂಬವರು 1904ರಲ್ಲಿ ಆ ಊರಿಗೆ ಮೊದಲ ಪಾವರ್‌ಲೂಮ್ ತಂದರು. ಅಂದಿನಿಂದ ಇಚಲಕರಂಜಿಗೆ ನಿಶ್ಶಬ್ದ ಎಂಬುದೇನಿದ್ದರೂ ಕರೆಂಟು ಹೋದಾಗ ಮಾತ್ರ. ಲಾಳಿ ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಸಲ ಅತ್ತಿಂದಿತ್ತ ಓಡುವ ಖಟಾಖಟ್ ಸಪ್ಪಳದಲ್ಲಿ ತೊಟ್ಟಿಲು ತೂಗಿಸಿಕೊಂಡ ಹುಡುಗ ಅವನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಜಪಾನಿ. ಏನನ್ನು ನೋಡಿದರೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿಯೇ ನೋಡುತ್ತಾನೆ. ರಜೆಗೆ ನಮ್ಮ ಗಡಹಿಂಗ್ಲಜಕ್ಕೆ ಬಂದವನು ನನ್ನ ಟೀವಿಗೆ ಅದೇನೋ ವೈರು ಸಿಗಿಸಿ, "ಮಾಮಾ, ಕತ್ತಿ ಅದ, ರಕ್ತ ಅದ, ನೋಡ್ರಿ" ಎಂದು ಶುರು ಮಾಡಿದ. ಆಮೇಲೆ ಅವನದೇ ತಕರಾರು. "ಭಾಳ ಸ್ಲೋ ಅದರೀ ಮಾಮಾ. ಬರೇ ಊಟ ಮಾಡ್ತಾರ, ಮಾರಿ ಮಾರಿ ನೋಡ್ತಾರ. ಯಾವಾಗ ಹೊಡೀತಾರ?"

ತಕರಾರು ಸುಳ್ಳಲ್ಲ. ಇದೇ ಹುಡುಗಿಯ, ಇದೇ ಕತ್ತಿಯ ಕಥೆ ಐದು ವರ್ಷ ಮೊದಲೇ ಸಿನೆಮಾ ಆಗಿ ಬಂದಿತ್ತು. ‘ಬ್ಲಡ್: ದಿ ಲಾಸ್ಟ್ ವ್ಯಾಂಪೈರ್’, 2000ನೇ ಇಸವಿ, ಪ್ರೊಡಕ್ಷನ್ ಐಜಿ ಸಂಸ್ಥೆಯದು, ಬರೀ 48 ನಿಮಿಷ. ರಾತ್ರಿಯ ರೈಲು, ಒಂದು ಡಬ್ಬಿ, ಅದರೊಳಗೆ ಸಾಯಾ ಎಂಬ ಹುಡುಗಿ. ದೀಪ ಮಿಣುಕುವಷ್ಟರಲ್ಲಿ ಒಬ್ಬನನ್ನು ಕತ್ತರಿಸಿ ಹಾಕಿರುತ್ತಾಳೆ. ಆಮೇಲೆ 1966ರ ಟೋಕಿಯೋದ ಬಳಿಯ ಯೋಕೋಟಾ ಅಮೆರಿಕನ್ ವಿಮಾನ ನೆಲೆ, ಅಲ್ಲಿಯ ಶಾಲೆ, ಇನ್ನಷ್ಟು ಕತ್ತರಿಸಾಟ, ಮುಗಿಯಿತು. ಅವಳು ಯಾರು, ಯಾರ ಮಗಳು, ಯಾಕೆ ಕೊಲ್ಲುತ್ತಾಳೆ ಎಂಬ ಒಂದು ಪ್ರಶ್ನೆಗೂ ಅಲ್ಲಿ ಉತ್ತರವಿಲ್ಲ. ಉತ್ತರ ಕೊಡುವುದಕ್ಕೆಂದೇ ಮುಂದೆ ಅದೇ ಸಂಸ್ಥೆ, ಜುನಿಚಿ ಫುಜಿಸಾಕುವಿನ ನಿರ್ದೇಶನದಲ್ಲಿ, ಹೆಚ್ಚುಕಡಿಮೆ ಇಪ್ಪತ್ತು ತಾಸಿನ ಧಾರಾವಾಹಿ ಮಾಡಿತು. 48 ನಿಮಿಷ ಎಲ್ಲಿ, 20 ತಾಸು ಎಲ್ಲಿ! ಅಳಿಯ ಲೆಕ್ಕ ಹಾಕಿ ಬೆಚ್ಚಿಬಿದ್ದದ್ದು ಸಹಜ.

ಧಾರಾವಾಹಿಯ ಸಾಯಾ ಇರುವುದು ಒಕಿನಾವಾ ದ್ವೀಪದಲ್ಲಿ. ತಲೆಯ ಮೇಲೆ ಅಮೆರಿಕದ ಯುದ್ಧವಿಮಾನಗಳು ಗುಡುಗುತ್ತ ಹಾರುವ ಊರು. ಹುಡುಗಿಗೆ ಒಂದು ವರ್ಷದ ಹಿಂದಿನದು ಯಾವುದೂ ನೆನಪಿಲ್ಲ. ಮೈಯಲ್ಲಿ ರಕ್ತ ಕಡಿಮೆ, ಆಗಾಗ ಆಸ್ಪತ್ರೆಗೆ ಹೋಗಿ ರಕ್ತ ಏರಿಸಿಕೊಂಡು ಬರಬೇಕು. ಶಾಲೆಯಲ್ಲಿ ಹೈಜಂಪ್ ಹಾರುತ್ತಾಳೆ. ಸಾಕಿಕೊಂಡವನು ಜಾರ್ಜ್ ಎಂಬಾತ, ಹಿಂದೆ ಅಮೆರಿಕದ ಸೈನಿಕ, ಈಗ ಸಣ್ಣದೊಂದು ಹೋಟೆಲಿನ ಯಜಮಾನ. ಕಾಯ್ ಮತ್ತು ರಿಕು ಎಂಬ ಇಬ್ಬರು ಹುಡುಗರು, ಅವರೂ ಸಾಕುಮಕ್ಕಳೇ. ರಕ್ತಸಂಬಂಧ ಎಂಬುದು ಯಾರಿಗೆ ಯಾರೊಡನೆಯೂ ಇಲ್ಲದ ಮನೆ, ಅದೂ ರಕ್ತದ ಹೆಸರಿನ ಕಥೆಯಲ್ಲಿ. ಅಳಿಯ ಓಡಿಸಿಬಿಟ್ಟದ್ದು ಈ ಕಂತುಗಳನ್ನೇ.

ಓಡಿಸದೆ ನೋಡಿದವಳು ನಮ್ಮ ಅವ್ವ. ಅವಳಿಗೆ ಜಪಾನಿಯೂ ಬಾರದು, ಕೆಳಗೆ ಬರುವ ಇಂಗ್ಲಿಷೂ ಬಾರದು. ನಾನು ಓದಿ ಹೇಳಬೇಕು. ಹೇಳಿದ್ದರಲ್ಲಿ ಅರ್ಧಕ್ಕೂ ಅವಳು ಕಿವಿಗೊಡುವುದಿಲ್ಲ, ತಾಟು ನೋಡುತ್ತಾಳೆ. ಸಾಯಾಗೆ ಹಸಿವು ಬಹಳ. ಕೂತಲ್ಲಿ ನಿಂತಲ್ಲಿ ಉಣ್ಣುತ್ತಾಳೆ. "ಛಲೋ ಉಣ್ತದ ನೋಡು ಹುಡುಗಿ, ನಮ್ಮ ಹುಡುಗ್ಯಾರು ಉಣ್ಣೂದs ಬಿಟ್ಟಾವು" ಎಂದು ಅವ್ವ ಮೆಚ್ಚಿದಳು. ಮುಂದೆ ಜಾರ್ಜನ ಮೈಯೊಳಗೆ ಶತ್ರುಗಳ ಔಷಧಿ ಸೇರಿ ಅವನೇ ರಾಕ್ಷಸನಾಗಿ ಮಾರ್ಪಡತೊಡಗಿದಾಗ, ಸಾಕಿದ ಮಗಳೇ ತನ್ನ ರಕ್ತ ಹರಿಸಿ ಅವನಿಗೆ ಬಿಡುಗಡೆ ಕೊಡಬೇಕಾಯಿತು. ಅಳಿಯ ಆ ಹೊತ್ತಿಗೆ ಮೊಬೈಲು ನೋಡುತ್ತಿದ್ದ. ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. ಒಂದೇ ದೃಶ್ಯ, ಒಬ್ಬರಿಗೆ ನೀರಸ, ಇನ್ನೊಬ್ಬರಿಗೆ ತಡೆಯಲಾರದ್ದು. ನಡುವೆ ಇದ್ದ ವ್ಯತ್ಯಾಸವೆಂದರೆ ಅವ್ವ ಆ ಹೋಟೆಲಿನ ಊಟದ ಮೇಜಿನ ಮುಂದೆ ಪೂರಾ ಹೊತ್ತು ಕೂತಿದ್ದಳು, ಅಳಿಯ ಒಂದೂವರೆ ಪಟ್ಟು ವೇಗದಲ್ಲಿ ಎದ್ದು ಹೋಗಿದ್ದ.

ಇನ್ನು ಅನಿಮೆ ಸಾವಕಾಶ ಯಾಕೆ ಎಂಬುದಕ್ಕೆ ರೊಕ್ಕದ ಕಾರಣವೂ ಇದೆ. ಒಸಾಮು ತೆಝುಕಾ 1963ರಲ್ಲಿ ‘ಆಸ್ಟ್ರೋ ಬಾಯ್’ ಶುರು ಮಾಡಿದಾಗ ವಾರಕ್ಕೊಂದು ಕಂತು ಕೈಯಿಂದ ಬರೆದು ಮುಗಿಸುವುದು ಆಗುವ ಹೋಗುವ ಮಾತಾಗಿರಲಿಲ್ಲ. ಸಿನೆಮಾಕ್ಕೆ ಸೆಕೆಂಡಿಗೆ 24 ಚೌಕಟ್ಟು ಬೇಕು. ಅವರು ಒಂದೇ ಚಿತ್ರವನ್ನು ಮೂರು ಮೂರು ಚೌಕಟ್ಟಿಗೆ ಹಚ್ಚಿ, ಎಂಟು ಚಿತ್ರದಲ್ಲಿ ಸೆಕೆಂಡು ದಾಟಿಸಿದರು. ಮೈ ನಿಂತಲ್ಲೇ ನಿಂತಿರುತ್ತದೆ, ಬಾಯಿ ಮಾತ್ರ ಆಡುತ್ತದೆ. ಅಥವಾ ಬಾಯಿಯೂ ಬೇಡ, ಮೋಡವೊಂದು ಸರಿದರಾಯಿತು, ಗಾಳಿಗೆ ಕೂದಲು ಹಾರಿದರಾಯಿತು. ಕೈ ಬಿಗಿಯಾಗಿದ್ದ ಕಾಲದ ಆ ಉಪಾಯವೇ ಬರಬರುತ್ತ ಅಭಿರುಚಿಯಾಯಿತು. ನಾಯಕ, ಖಳನಾಯಕ ಎದುರುಬದುರು ನಿಂತು ಮುಖ ಮುಖ ನೋಡುತ್ತ, ಎಲೆ ಉದುರುತ್ತ, ಅರ್ಧ ಕಂತು ಕಳೆದುಹೋಗುವ ದೃಶ್ಯಗಳ ಹಿಂದೆ ಇರುವುದು ಝೆನ್ ಧ್ಯಾನ ಎಂದು ಕೆಲವರು ಭಕ್ತಿಯಿಂದ ಬರೆಯುತ್ತಾರೆ. ಇರಬಹುದು. ಪಗಾರದ ಲೆಕ್ಕವೂ ಇದೆ.

ಕಥೆಯೊಳಗಿನ ನಿಧಾನ ಒಂದು, ಕಥೆ ನಮ್ಮ ಕೈಗೆ ಬರುವ ನಿಧಾನ ಇನ್ನೊಂದು. ಕೋಟಾ ಹಿರಾನೋನ ‘ಹೆಲ್‌ಸಿಂಗ್’ ನೋಡಿದವರು ಬಲ್ಲರು. ಅದನ್ನು ಹಿರಾನೋ ಬರೆದ ಮೂಲ ಚಿತ್ರಕಥೆಗೆ ನಿಷ್ಠವಾಗಿ ಮಾಡಲು ಹೊರಟ ‘ಹೆಲ್‌ಸಿಂಗ್ ಅಲ್ಟಿಮೇಟ್’ ಇರುವುದು ಹತ್ತೇ ಕಂತು. ಮೊದಲನೆಯದು 2006ರಲ್ಲಿ ಬಂತು, ಹತ್ತನೆಯದು 2012ರಲ್ಲಿ. ಕಥೆಯಲ್ಲಿ ಲಂಡನ್ ನಗರಕ್ಕೆ ಬಿದ್ದ ಬೆಂಕಿ ಆರುವುದರೊಳಗೆ ಮೊದಲ ಕಂತು ನೋಡಿದ ಹೈಸ್ಕೂಲು ಹುಡುಗರು ಡಿಗ್ರಿ ಮುಗಿಸಿದ್ದರು. ಅದರಲ್ಲಿ ಶತ್ರುಪಕ್ಷದ ಮೇಜರ್ ಒಬ್ಬ ತನಗೆ ಯುದ್ಧವೆಂದರೆ ಎಷ್ಟು ಪ್ರೀತಿ ಎಂದು ಮಾಡುವ ಭಾಷಣ ಇದೆ. ನಮ್ಮ ಕಡೆಯ ಪುಢಾರಿಗಳೂ ಮೈಕು ಕೈಬಿಟ್ಟು ತಲೆಬಾಗಬೇಕು. ಆದರೂ ಆ ನಿಧಾನದ ಬಗ್ಗೆ ಅಳಿಯನಿಗೆ ಸಿಟ್ಟಿಲ್ಲ. ಅಲ್ಲಿ ಅಲುಕಾರ್ಡ್ ಎಂಬ ಪಿಶಾಚಿ ಎರಡು ಪಿಸ್ತೂಲು ಹಿಡಿದು ನಿಂತಿರುತ್ತಾನೆ. ಹೊಡೆಯುತ್ತಾನೆ ಎಂಬ ಖಾತ್ರಿ ಇದೆ. ಸಾಯಾ ಮಾತ್ರ ಹೊಡೆಯಲು ಹಿಂದೆಗೆಯುತ್ತಾಳೆ.

ಅವಳು ಹಿಂದೆಗೆಯುವುದು ಯಾಕೆಂಬುದು ಬಹಳ ತಡವಾಗಿ ಬಿಚ್ಚಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್. ಜೋಯೆಲ್ ಗೋಲ್ಡ್‌ಸ್ಮಿಟ್ ಎಂಬ ಸಿರಿವಂತನ ದೊಡ್ಡ ವಾಡೆ. ಅವನ ಕೈಗೆ ಸಿಕ್ಕ ಅವಳಿ ಕೂಸುಗಳು ಮನುಷ್ಯಜಾತಿಯವಲ್ಲ. ಅವನಿಗೋ ಪ್ರಯೋಗದ ಚಪಲ. ಒಂದು ಕೂಸನ್ನು ಮಗಳಂತೆ ಸಾಕಿದ. ಅವಳಿಗೆ ರೇಷ್ಮೆ ಅಂಗಿ, ಕುದುರೆ, ಸಂಗೀತ, ಆಟಕ್ಕೆ ಜತೆಯಾಗಿ ಹಾಜಿ ಎಂಬ ಹುಡುಗ. ಇನ್ನೊಂದನ್ನು ಕಲ್ಲಿನ ಗೋಪುರದಲ್ಲಿ ಹಾಕಿ ಬೀಗ ಜಡಿದ. ಅದಕ್ಕೆ ಹೆಸರನ್ನೂ ಇಡಲಿಲ್ಲ. ಗೋಪುರದಿಂದ ಹಾಡು ಕೇಳಿಸುತ್ತಿತ್ತು. ಆ ಹಾಡು ಕೇಳಿ ಹೊರಗಿನವಳೇ, ಸಾಯಾಳೇ, ಅವಳಿಗೆ ದೀವಾ ಎಂದು ಹೆಸರಿಟ್ಟಳು. 1883ರಲ್ಲಿ ಜೋಯೆಲ್‌ನ ಹುಟ್ಟುಹಬ್ಬ. ಬಗೆಬಗೆಯ ಅತಿಥಿಗಳು, ದೀಪ, ಮೇಜವಾನಿ. ಇಂಥ ದಿನ ಅವಳೂ ಬಂದು ಹಾಡಲಿ ಎಂದು ಸಾಯಾ ಬೀಗ ತೆರೆದಳು. ತೆರೆದು ಹೂವು ತರಲು ಹೋದಳು. ಮರಳಿ ಬರುವ ಹೊತ್ತಿಗೆ ವಾಡೆಗೆ ಬೆಂಕಿ ಬಿದ್ದಿತ್ತು, ಅತಿಥಿಗಳಲ್ಲಿ ಯಾರೂ ಉಳಿದಿರಲಿಲ್ಲ.

ಇದನ್ನು ನಾನು ಓದಿ ಹೇಳುತ್ತಿದ್ದಂತೆ ಅವ್ವ ಕೈಯಲ್ಲಿದ್ದ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದಳು. "ಅಲ್ಲೋ ತಮ್ಮಾ, ಅಷ್ಟು ಮಂದೀನ ಊಟಕ್ಕ ಕರದಾರ, ಆಕೀನ ಒಬ್ಬಾಕೀನ ಕರದಿಲ್ಲ ಅಂದ್ರ? ಟೆಂಬಲಾಯಿ ಮುನಿಸಿಕೊಂಡಂಗs ಆತಲ್ಲ ಇದು."

ಟೆಂಬಲಾಯಿ ಎಂದರೆ ಕೊಲ್ಹಾಪುರದ ಮೂಡಲ ದಿಕ್ಕಿನ ಗುಡ್ಡದ ಮೇಲಿನ ತ್ರ್ಯಂಬೋಲಿ ದೇವಿ. ಊರ ದೇವತೆ ಅಂಬಾಬಾಯಿಗೆ ತಂಗಿ ಎನ್ನಿ, ಗೆಳತಿ ಎನ್ನಿ, ಆ ಸಲಿಗೆ. ಅಂಬಾಬಾಯಿ ಕೋಲಾಸುರನನ್ನು ಕೊಂದಳು. ಅವನ ಮಗ ಕಾಮಾಕ್ಷ ಸೇಡಿಗೆ ನಿಂತು, ಯೋಗದಂಡ ಬೀಸಿ ದೇವರನ್ನೆಲ್ಲ ಆಡು ಕುರಿ ಮಾಡಿಬಿಟ್ಟ. ಆಗ ತ್ರ್ಯಂಬೋಲಿ ಹೋಗಿ ಯುಕ್ತಿಯಿಂದ ದಂಡ ಕಸಿದು, ಅವನನ್ನು ಕೊಂದು, ಎಲ್ಲರನ್ನೂ ಬಿಡಿಸಿದಳು. ಗೆದ್ದ ಮೇಲೆ ಊರಲ್ಲಿ ದೊಡ್ಡ ಉತ್ಸವ. ಗದ್ದಲದಲ್ಲಿ ಗೆಲ್ಲಿಸಿದವಳನ್ನೇ ಕರೆಯುವುದು ಮರೆತುಹೋಯಿತು. ಅವಳು ಮುನಿದು ಗುಡ್ಡ ಹತ್ತಿ ಊರಿಗೆ ಬೆನ್ನು ಹಾಕಿ ಕೂತಳು. ತಪ್ಪು ತಿಳಿದ ಅಂಬಾಬಾಯಿ ತಾನೇ ಪರಿವಾರ ಕಟ್ಟಿಕೊಂಡು ಗುಡ್ಡಕ್ಕೆ ಬಂದು ಸಮಾಧಾನ ಮಾಡಿದಳು. ನೀನು ರಕ್ಕಸನನ್ನು ಹೇಗೆ ಕೊಂದೆ, ನಾವು ಕಣ್ಣಾರೆ ನೋಡಬೇಕು ಎಂದು ಕೇಳಿ ಮತ್ತೊಮ್ಮೆ ಆಡಿಸಿ ನೋಡಿದಳು.

ನವರಾತ್ರಿಯ ಐದನೆಯ ದಿನ, ಲಲಿತಾ ಪಂಚಮಿಯಂದು, ಇಂದಿಗೂ ಇದೇ ನಡೆಯುತ್ತದೆ. ಅಂಬಾಬಾಯಿಯ ಪಲ್ಲಕ್ಕಿ, ಜತೆಗೆ ತುಳಜಾಭವಾನಿಯ ಪಲ್ಲಕ್ಕಿ, ಬೆಳಿಗ್ಗೆ ಗುಡಿಯಿಂದ ಹೊರಟು ಟೆಂಬಲಾಯಿ ಗುಡ್ಡದ ಕಡೆ ನಡೆಯುತ್ತವೆ. ವಾಹನದಲ್ಲಿ ಹೋದರೆ ಬೀಡಿ ಸೇದಿ ಮುಗಿಸುವಷ್ಟರಲ್ಲಿ ತಲುಪುವ ದಾರಿ. ಪಲ್ಲಕ್ಕಿಗೆ ಆ ಅವಸರವಿಲ್ಲ. ಅಲ್ಲಿ ನಿಂತು ಆರತಿ, ಇಲ್ಲಿ ನಿಂತು ಉಡಿ, ರಸ್ತೆಗೆ ರಂಗೋಲಿ, ಹೆಂಗಸರ ಸಾಲು, ಸಾಲಿನಲ್ಲಿ ಅಳುವ ಕೂಸು, ಬಲೂನಿನವ, ಬಿಸಿಲು. ಗುಡ್ಡದ ಮೇಲೆ ಛತ್ರಪತಿ ಮನೆತನದವರ ಪೂಜೆ. ಎಲ್ಲ ಆದ ಮೇಲೆ ಗುರವ ಮನೆತನದ ಒಂದು ಪುಟ್ಟ ಕುಮಾರಿಕೆಯನ್ನು ಎದುರಿಗೆ ತರುತ್ತಾರೆ. ಅವಳ ಮುಂದೆ ಒಂದು ಬೂದುಗುಂಬಳಕಾಯಿ. ಅದೇ ರಕ್ಕಸ. ಆ ಹುಡುಗಿ ಅದನ್ನು ಸೀಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಹಿಂದಿನ ಸಾಲಿನವರು ಹಿಮ್ಮಡಿ ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ಕೂಡಲೇ ಜನ ಹೋ ಎಂದು ಮುಗಿಬಿದ್ದು ಹೋಳಿಗಾಗಿ ಕಿತ್ತಾಡುತ್ತಾರೆ. ಅಂಗಿ ಹರಿಯುತ್ತವೆ, ಪೊಲೀಸರ ಲಾಠಿ ಮೇಲೇಳುತ್ತದೆ. ಹೋಳು ಸಿಕ್ಕವನ ಮುಖ ನೋಡಬೇಕು ನೀವು, ಇಡೀ ವರ್ಷದ ಅದೃಷ್ಟ ಮುಷ್ಟಿಯಲ್ಲಿದೆ ಎಂಬಂತೆ ಕೈ ಎದೆಗೊತ್ತಿಕೊಂಡು ಗುಂಪಿನಿಂದ ನುಸುಳಿ ಬರುತ್ತಾನೆ.

ಅವ್ವನ ಮಾತು ಕೇಳಿದ ಮೇಲೆ ನನಗೆ ಧಾರಾವಾಹಿಯೂ, ಪಲ್ಲಕ್ಕಿಯೂ ಬೇರೆಯಾಗಿ ಕಂಡವು. ರಕ್ಕಸನನ್ನು ಕೊಲ್ಲುವುದೇ ಮುಖ್ಯವಾಗಿದ್ದರೆ ಕುಂಬಳಕಾಯಿಯನ್ನು ಗುಡಿಯ ಹೊಸ್ತಿಲಲ್ಲೇ ಒಡೆದು ಮನೆಗೆ ಹೋಗಬಹುದಿತ್ತು. ಅಂಬಾಬಾಯಿ ಅಷ್ಟು ದೂರ, ಅಷ್ಟು ಸಾವಕಾಶ ನಡೆಯುವುದು ಕೊಲೆ ನೋಡಲಿಕ್ಕಲ್ಲ, ಮುನಿದವಳ ಬಾಗಿಲಿಗೆ ತಾನು ನಡೆದೇ ಬಂದೆ ಎಂದು ತೋರಿಸಲಿಕ್ಕೆ. ಕಾಳಗಕ್ಕೆ ಒಂದು ಕ್ಷಣ ಸಾಕು. ಮುನಿಸು ತಿಳಿಯಾಗಲು ಒಂದು ದಿನವೂ ಸಾಲದು. ‘ಬ್ಲಡ್ ಪ್ಲಸ್’ನಲ್ಲಿ ಗೋಪುರದವಳ ಬಾಗಿಲಿಗೆ ಹಾಗೆ ನಡೆದುಹೋದವರು ಯಾರೂ ಇಲ್ಲ. ಹೋದ ಒಬ್ಬಳು ಬೀಗ ತೆಗೆದು ಹೂವಿಗೆ ಓಡಿದಳು, ಎದುರು ನಿಂತು ಒಂದು ಮಾತು ಕೇಳಲಿಲ್ಲ. ಅಲ್ಲಿಂದ ನೂರಿಪ್ಪತ್ತು ವರ್ಷ ಅಕ್ಕತಂಗಿಯರು ದೇಶದಿಂದ ದೇಶಕ್ಕೆ ಬೆನ್ನಟ್ಟಿಕೊಂಡು ತಿರುಗುತ್ತಾರೆ. ಒಬ್ಬಳ ರಕ್ತ ಇನ್ನೊಬ್ಬಳಿಗೆ ವಿಷ. ಕತ್ತಿಗೆ ತನ್ನ ರಕ್ತ ಹಚ್ಚಿಯೇ ಸಾಯಾ ತಂಗಿಯ ಮೇಲೆ ಬೀಳಬೇಕು.

ಮುನಿಸನ್ನು ನಂಬಿ ರಾತ್ರಿಯಿಡೀ ಕಥೆ ನಡೆಸುವ ಕಲೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಸಂಕೇಶ್ವರ, ಹುಕ್ಕೇರಿ ದಾಟಿ ಗೋಕಾವಿಯ ಕಡೆ ಹೋದರೆ ಕುಲಗೋಡ ಸಿಗುತ್ತದೆ. ಅಪರಾಳ ತಮ್ಮಣ್ಣ ಕಟ್ಟಿದ ಶ್ರೀಕೃಷ್ಣ ಪಾರಿಜಾತಕ್ಕೆ ರಂಗದ ಮೇಲೆ ಜೀವ ತುಂಬಿ ಊರೂರು ಸುತ್ತಿಸಿದ ಕುಲಗೋಡ ತಮ್ಮಣ್ಣನ ಊರು. ಆ ಆಟ ಆಡಿದ ಕೌಜಲಗಿ ನಿಂಗಮ್ಮನವರ ಹೆಸರು ಹೇಳಿದರೆ ಈಗಲೂ ಹಳಬರು ನೆಟ್ಟಗೆ ಕೂರುತ್ತಾರೆ. ಆ ಆಟದಲ್ಲಿ ನಡೆಯುವುದೇನು? ನಾರದ ಒಂದು ಹೂವು ತಂದ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಇಷ್ಟು ಹೇಳಲು ಒಂದು ಪೋಸ್ಟ್‌ಕಾರ್ಡು ಸಾಕು. ಆದರೆ ಗೊಲ್ಲತಿ ಬರಬೇಕು, ದೂತ ಅವಳೊಡನೆ ಜಗ್ಗಾಡಬೇಕು, ಊರ ಗೌಡನ ಮೀಸೆಗೊಂದು ಚಾಟಿ ಏಟು ಬೀಳಬೇಕು, ಕೃಷ್ಣ ಕೊರವಂಜಿ ವೇಷ ಹಾಕಿ ಬಾಗಿಲಿಗೆ ಬರಬೇಕು. ಕೋಳಿ ಕೂಗುವ ಹೊತ್ತಿಗೆ ಭಾಮೆ ತುಸು ಮೆತ್ತಗಾಗುತ್ತಾಳೆ. ಸ್ಲೋ ಎಂದು ಎದ್ದು ಹೋದವರನ್ನು ನಾನು ಕಂಡಿಲ್ಲ. ನಿದ್ದೆ ಹೋದವರು ಇದ್ದರು. ಎಚ್ಚರಾದಾಗ ಭಾಮೆ ಇನ್ನೂ ಮುನಿದೇ ಇದ್ದಾಳೆ ಎಂದು ಕಂಡು ನೆಮ್ಮದಿಯಿಂದ ಮತ್ತೆ ಹೊದ್ದುಕೊಳ್ಳುತ್ತಿದ್ದರು.

ಇನ್ನು ಬೇಗ ಕಡಿಯುವ ಕಥೆ ಬೇಕೆಂದರೆ ಅದರಲ್ಲೂ ಕೊಲ್ಹಾಪುರವೇ ಮುಂದು. 1920ರಲ್ಲಿ ಬಾಬುರಾವ್ ಪೇಂಟರ್ ಇದೇ ಊರಲ್ಲಿ ತಮ್ಮ ಮಹಾರಾಷ್ಟ್ರ ಫಿಲ್ಮ್ ಕಂಪನಿಯಿಂದ ‘ಸೈರಂಧ್ರಿ’ ತೆಗೆದರು. ಲೋಕಮಾನ್ಯ ಟಿಳಕರಿಂದ ‘ಸಿನೆಮಾ ಕೇಸರಿ’ ಬಿರುದು ಪಡೆದ ಮನುಷ್ಯ, ಕ್ಯಾಮೆರಾವನ್ನೂ ತಾವೇ ಕೂತು ಮಾಡಿಕೊಂಡವರು. ಭೀಮ ಕೀಚಕನನ್ನು ಕೊಲ್ಲುವ ದೃಶ್ಯ ಎಷ್ಟು ಭೀಕರವಾಗಿತ್ತೆಂದರೆ ಹೆಂಗಸರು ಮೂರ್ಛೆ ಹೋದರೆಂದು ಹೇಳುತ್ತಾರೆ. ಕೊನೆಗೆ ಆ ಭಾಗ ಕತ್ತರಿಗೆ ಹೋಯಿತು. ಇವತ್ತು ಆ ಚಿತ್ರದ ಮಾತು ಎತ್ತಿದರೆ ಜನ ಹೇಳುವುದು ಆ ಕತ್ತರಿಸಿದ ಕೊಲೆಯೊಂದನ್ನೇ. ಆದರೆ ಸಿನೆಮಾದ ಹೆಸರು ಕೀಚಕವಧೆ ಅಲ್ಲ, ಸೈರಂಧ್ರಿ. ತುಂಬಿದ ಸಭೆಯಲ್ಲಿ ಒದೆ ತಿಂದು, ಗಂಡಂದಿರು ತಲೆ ತಗ್ಗಿಸಿ ಕೂತದ್ದನ್ನು ನೋಡಿ, ನಡುರಾತ್ರಿ ಅಡುಗೆಮನೆಗೆ ನಡೆದು ಭೀಮನನ್ನು ಎಬ್ಬಿಸಿದವಳ ಹೆಸರು. ಪೇಂಟರರಿಗೆ ಗೊತ್ತಿತ್ತು.

ಹಾಗೆಂದು ಆ ಧಾರಾವಾಹಿಯ ನಿಧಾನವನ್ನೆಲ್ಲ ನಾನು ಹೊತ್ತು ಮೆರೆಸಲಾರೆ. ಒಕಿನಾವಾ ಬಿಟ್ಟ ಮೇಲೆ ಕಥೆ ವಿಯೆಟ್ನಾಮಿಗೆ ಹೋಗುತ್ತದೆ. ಅಲ್ಲಿ ಹೆಣ್ಣುಮಕ್ಕಳ ವಸತಿಶಾಲೆ, ಸಾಯಾ ವಿದ್ಯಾರ್ಥಿನಿಯ ಸೋಗಿನಲ್ಲಿ ಸೇರುತ್ತಾಳೆ. ಗೆಳತಿಯರು, ಸಮವಸ್ತ್ರ, ನೃತ್ಯ. ತಕ್ಕಮಟ್ಟಿಗೆ ನೋಡಿಸಿಕೊಳ್ಳುತ್ತದೆ, ಏಕೆಂದರೆ ಯುದ್ಧದ ಕಾಲದಲ್ಲಿ ಅವಳನ್ನು ದೀರ್ಘ ನಿದ್ದೆಯಿಂದ ಅಕಾಲದಲ್ಲಿ ಎಬ್ಬಿಸಿ, ಕಂಡಕಂಡವರನ್ನು ಕೊಚ್ಚಿಸಿದ ನೆಲ ಅದು. ಆದರೆ ಆಮೇಲೆ ಬರುವ ರಷ್ಯದ ರೈಲಿದೆಯಲ್ಲ, ಅದು ಹೊರಟಿತು ಎಂದರೆ ಹೊರಟಿತು, ಮುಟ್ಟುವುದಿಲ್ಲ. ಕಿಟಕಿಯಾಚೆ ಹಿಮ, ಒಳಗೆ ಚಹಾ, ಹಾಜಿಯ ಸೆಲ್ಲೋ ಪೆಟ್ಟಿಗೆ. ಕೆಂಪು ಗುರಾಣಿ ಹೆಸರಿನ ಗುಪ್ತಸಂಸ್ಥೆಯವರು ಒಬ್ಬರಿಗೊಬ್ಬರು ಈಗಾಗಲೇ ಗೊತ್ತಿದ್ದದ್ದನ್ನೇ ಕಡತ ಬಿಚ್ಚಿ ವಿವರಿಸುತ್ತಾರೆ. ಔಷಧಿ ಕಂಪನಿ, ಅದರ ಪ್ರಯೋಗ, ಪ್ರಯೋಗದ ಮೇಲೆ ಪ್ರಯೋಗ. ದೀವಾ ಕಣ್ಣಿಗೇ ಬೀಳುವುದಿಲ್ಲ. ಮುನಿದವಳು ಮರೆತುಹೋಗಿ ಪಲ್ಲಕ್ಕಿ ಹೊತ್ತವರ ಪಗಾರದ ಚರ್ಚೆ ನಡೆದ ಹಾಗೆ. ಇಂಥಲ್ಲಿ ಅಳಿಯನ ಒಂದೂವರೆ ಪಟ್ಟು ವೇಗಕ್ಕೆ ನನ್ನ ಪೂರ್ಣ ಸಮ್ಮತಿ ಇದೆ, ಎರಡು ಪಟ್ಟಾದರೂ ಸೈ. ಹ್ಯಾನ್ಸ್ ಝಿಮ್ಮರ್ ಮೇಲ್ವಿಚಾರಣೆಯಲ್ಲಿ ಮಾರ್ಕ್ ಮಾನ್ಸಿನಾ ಮಾಡಿದ ಸಂಗೀತ ಇರದಿದ್ದರೆ ಆ ರೈಲಿನಲ್ಲಿ ನಾನೂ ಮಲಗಿಬಿಡುತ್ತಿದ್ದೆ.

ಕೊನೆಯ ಭಾಗದಲ್ಲಿ ಕಥೆ ಮತ್ತೆ ಅಕ್ಕತಂಗಿಯರ ಕಡೆ ತಿರುಗಿ ತನ್ನ ಮಾನ ಉಳಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಆಪೆರಾ ಮಂದಿರದಲ್ಲಿ ಇಬ್ಬರೂ ಎದುರಾಗುತ್ತಾರೆ. ಅಷ್ಟರಲ್ಲಿ ದೀವಾ ಅವಳಿ ಹೆಣ್ಣುಮಕ್ಕಳ ತಾ­ಯಿ. ಕತ್ತಿ ಬೀಸುವುದು ಬೇಗ ಮುಗಿಯುತ್ತದೆ. ಹಠ ತೊಟ್ಟು ಬಂದ ಸಾಯಾ ಇನ್ನು ತಾನೂ ಬದುಕಿರಬಾರದು ಎನ್ನುತ್ತಾಳೆ. ಬೇಡ, ಮನೆಗೆ ನಡೆ ಎನ್ನುವವನು ಆ ಹೋಟೆಲಿನ ಹುಡುಗ ಕಾಯ್. ಮೊದಲ ಕಂತುಗಳ ಊಟದ ಮೇಜಿನಲ್ಲಿ ಕೂರದವರಿಗೆ ಅವನ ಮಾತು ಬರೀ ಸಿನೆಮಾ ಮಾತಾಗಿ ಕೇಳೀತು. ಕೂತವರಿಗೆ ಹಾಗಲ್ಲ. ಗೋಪುರದವಳ ಕೂಸುಗಳನ್ನು ಅವನೇ ಎತ್ತಿಕೊಂಡು ಹೋಗಿ ಒಕಿನಾವಾದಲ್ಲಿ ಸಾಕುತ್ತಾನೆ, ಇಬ್ಬರನ್ನೂ ಒಂದೇ ಮನೆಯಲ್ಲಿ. ಸಾಯಾ ಮನೆತನದ ಸಮಾಧಿಯೊಳಗೆ ಮೂವತ್ತು ವರ್ಷದ ನಿದ್ದೆಗೆ ಸರಿಯುತ್ತಾಳೆ. "ಇಬ್ಬರನ್ನೂ ಒಂದs ತಾಟಿನ್ಯಾಗ ಉಣ್ಣಿಸಿದ್ರ ಮುಗೀತು. ಮೊದಲs ಹಂಗ ಮಾಡಿದ್ದರ ಇಷ್ಟು ಜಗಳ ಯಾಕ ಆಗತಿತ್ತು" ಎಂದಳು ಅವ್ವ. ಅಷ್ಟು ದೊಡ್ಡ ಧಾರಾವಾಹಿಗೆ ಇದಕ್ಕಿಂತ ಚೊಕ್ಕ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಈಚೆಗೆ ಅಳಿಯನೂ ಸ್ವಲ್ಪ ಬದಲಾಗಿದ್ದಾನೆ ಎಂಬ ಗುಮಾನಿ ನನಗಿದೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ನ ‘ಇನ್ಫಿನಿಟಿ ಕ್ಯಾಸಲ್’ ಸಿನೆಮಾ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂತು. ಹಿಂದಿಯಲ್ಲಿ ಬಂತು, ತಮಿಳು ತೆಲುಗಿನಲ್ಲಿ ಬಂತು. ಹೆಸರಿಗೆ ರಾಕ್ಷಸರಾದರೂ ಅವೂ ಪಿಶಾಚಿಗಳ ಪೈಕಿಯೇ. ಮನುಷ್ಯರನ್ನು ತಿನ್ನುತ್ತವೆ, ಬಿಸಿಲು ಬಿದ್ದರೆ ಸುಟ್ಟುಹೋಗುತ್ತವೆ, ದೊಡ್ಡ ರಾಕ್ಷಸನ ರಕ್ತ ಮೈಗೆ ಸೇರಿದರೆ ಚಿಕ್ಕವು ಹುಟ್ಟುತ್ತವೆ. ಎರಡೂವರೆ ತಾಸಿನ ಮೇಲಿನ ಚಿತ್ರ. ಕಾಳಗ ತುತ್ತತುದಿಗೆ ಬಂದು ನಿಂತಾಗ ಅದನ್ನು ಅಲ್ಲೇ ಬಿಟ್ಟು, ಆಕಾಝಾ ಎಂಬ ರಾಕ್ಷಸ ಮನುಷ್ಯನಾಗಿದ್ದಾಗಿನ ಕಥೆ ಹೇಳಲು ಕೂರುತ್ತದೆ. ಕಳ್ಳತನ ಮಾಡಿ ರೋಗಿ ತಂದೆಗೆ ಔಷಧಿ ತರುತ್ತಿದ್ದ ಹುಡುಗ. ಅವನನ್ನು ಕರೆದು ಮನೆಗೆ ಸೇರಿಸಿಕೊಂಡ ಗುರು. ಗುರುವಿನ ಮಗಳು. ಆ ಮನೆಯ ಬಾವಿಗೆ ಬಿದ್ದ ವಿಷ. ಬಹಳ ಹೊತ್ತು ಕತ್ತಿಯ ಸುಳಿವಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ರಿಮೋಟು ಇಲ್ಲವಲ್ಲ, ಅಳಿಯ ಕೂರಲೇಬೇಕಾಯಿತು. ಹೊರಗೆ ಬಂದ ಮೇಲೆ ಫೋನು ಹಚ್ಚಿದ. "ಮಾಮಾ, ಕಣ್ಣಾಗ ನೀರು ಬಂತ್ರೀ" ಎಂದ. ಸ್ಲೋ ಇರಲಿಲ್ಲೇನೋ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಸೋದರಮಾವನಾದವನಿಗೆ ಅಷ್ಟು ದೊಡ್ಡತನ ಇರಬೇಕು.

ಅಂದಹಾಗೆ ಇದೇ ಹುಡುಗ ದೀಪಾವಳಿಗೆ ಗಡಹಿಂಗ್ಲಜಕ್ಕೆ ಬಂದರೆ ಫುಟ್‌ಬಾಲ್ ಮೈದಾನ ಬಿಟ್ಟು ಏಳುವುದಿಲ್ಲ. ನಮ್ಮೂರಿಗೆ ಆ ಆಟದ ಹುಚ್ಚು ಹಳೆಯದು. ಕೊಲ್ಹಾಪುರದ ಪೇಠೆಗಳಿಗೂ ಅಷ್ಟೇ. ಎರಡು ಪಾಳಿ ಮುಗಿದು ಒಂದೂ ಗೋಲು ಆಗದೆ ಆಟ ಮುಗಿದರೂ "ಏನ್ ಮ್ಯಾಚ್‌ರೀ ಮಾಮಾ!" ಎನ್ನುತ್ತಾನೆ.

‘ಬ್ಲಡ್ ಪ್ಲಸ್’ ನೋಡುವ ಮನಸ್ಸಿದ್ದವರಿಗೆ ನನ್ನದೊಂದು ಮಾತು. ಒಕಿನಾವಾದ ಕಂತುಗಳನ್ನು ದಯವಿಟ್ಟು ಓಡಿಸಬೇಡಿ, ಆ ಮನೆಯವರ ಜತೆ ಕೂತು ಉಣ್ಣಿ. ರಷ್ಯದ ರೈಲನ್ನು ನಿಮ್ಮ ಮನಸ್ಸಿಗೆ ಬಂದ ವೇಗದಲ್ಲಿ ಬಿಡಿ, ಕಳೆದುಕೊಳ್ಳುವಂಥದ್ದು ಅಲ್ಲಿ ಏನೂ ಇಲ್ಲ. ಗೋಪುರದ ಬೀಗ ತೆರೆಯುವ ಕಂತು ಬಂದಾಗ ಮಾತ್ರ ಒಬ್ಬರೇ ನೋಡಬೇಡಿ, ಮನೆಯಲ್ಲಿ ಹಿರಿಯರಿದ್ದರೆ ಕರೆದು ಪಕ್ಕಕ್ಕೆ ಕೂರಿಸಿಕೊಳ್ಳಿ.